ರಮ್ಮಿಗೂ ‘ರುಚಿಗೆ ತಕ್ಕಷ್ಟು’ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯ ಅಡುಗೆ ಪುಟದಲ್ಲಿ ಅನಾನಸು ಮತ್ತು ತೆಂಗಿನ ಹಾಲಿನ ‘ಪಾರ್ಟಿ ಪಾನೀಯ’ ಒಂದು ಬಂದಿತ್ತು. ಫೋಟೊ ಚೆನ್ನಾಗಿತ್ತು, ಬರೆದವರ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ಅದರ ಪಟ್ಟಿಯನ್ನು ಒಮ್ಮೆ ನೋಡಿ. ಅನಾನಸು ಎರಡು ಕಪ್, ಹಾಲು ಒಂದು ಕಪ್, ತೆಂಗಿನ ಹಾಲು ಅರ್ಧ ಕಪ್, ಸಕ್ಕರೆ ನಾಲ್ಕು ಚಮಚ, ಕೊನೆಯಲ್ಲಿ ‘ರಮ್: ಬೇಕಿದ್ದರೆ, ರುಚಿಗೆ ತಕ್ಕಷ್ಟು’.

ಸಕ್ಕರೆಗೆ ಚಮಚದ ಲೆಕ್ಕ ಇದೆ, ರಮ್ಮಿಗೆ ಇಲ್ಲ! ಉಪ್ಪಿನ ಹಾಗೆ ಸ್ವಲ್ಪ ಹಾಕಿ ನೋಡಿ, ಸಾಲದಿದ್ದರೆ ಇನ್ನಷ್ಟು ಹಾಕಿ ಅಂತಲಾ? ಉಪ್ಪು ಜಾಸ್ತಿಯಾದರೆ ನಾಲಿಗೆ ಕೂಡಲೇ ಹೇಳುತ್ತದೆ. ಅನಾನಸು, ತೆಂಗಿನಕಾಯಿ, ಸಕ್ಕರೆ ಮೂರೂ ಸೇರಿದ ಲೋಟದಲ್ಲಿ ರಮ್ ಜಾಸ್ತಿಯಾದರೆ ನಾಲಿಗೆ ಏನನ್ನೂ ಹೇಳುವುದಿಲ್ಲ. ಸಿಹಿ ಮತ್ತು ಕೊಬ್ಬು ಎರಡೂ ಸೇರಿ ಮದ್ಯದ ಖಾರವನ್ನು ಮುಚ್ಚಿಬಿಡುತ್ತವೆ, ಮೇಲೆ ಐಸ್ ಬೇರೆ. ಹಾಗಾಗಿ ಇದನ್ನು ರುಚಿ ನೋಡಿ ಅಳೆಯಲು ಆಗುವುದಿಲ್ಲ, ಅಳೆದೇ ಹಾಕಬೇಕು. ಇಷ್ಟು ಹೇಳಲಿಕ್ಕೇ ಈ ಪತ್ರ. ಉಳಿದದ್ದೆಲ್ಲ ಬರೆಯುತ್ತಾ ಬಂದದ್ದು.

ನನ್ನ ಪರಿಚಯ ಬೇಕಿದ್ದರೆ, ನಾನು ಕ್ರೂಸ್ ಹಡಗಿನ ಬಾರಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದು ಕೂತವನು. ನಮ್ಮ ಕರಾವಳಿಯಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಉಡುಪಿಯಿಂದ ಬಂಟ್ವಾಳದ ತನಕ ಯಾವ ಊರಿಗೆ ಹೋದರೂ ‘ಶಿಪ್ಪಿನಲ್ಲಿರುವ’ ಒಬ್ಬ ಮಗನೋ ಅಳಿಯನೋ ಇದ್ದೇ ಇರುತ್ತಾನೆ. ನಮ್ಮ ಹಡಗು ಕೆರಿಬಿಯನ್ ದ್ವೀಪಗಳ ಸುತ್ತ ಓಡಾಡುತ್ತಿತ್ತು, ಪೋರ್ಟೊ ರಿಕೊದ ಸ್ಯಾನ್ ಹುವಾನ್ ಬಂದರಿಗೆ ಹೋಗಿ ನಿಲ್ಲುತ್ತಿತ್ತು. ನಿಮ್ಮ ಪುಟದಲ್ಲಿ ಹೆಸರಿಲ್ಲದೆ ಬಂದ ಆ ಪಾನೀಯ ಹುಟ್ಟಿದ್ದು ಅಲ್ಲಿಯೇ. ಅದರ ಹೆಸರು ಪಿನ್ಯಾ ಕೊಲಾಡಾ.

ಅದರ ಕಥೆಯೂ ತಮಾಷೆಯದ್ದೇ. ಸ್ಯಾನ್ ಹುವಾನಿನ ಕ್ಯಾರಿಬ್ ಹಿಲ್ಟನ್ ಹೋಟೆಲಿನಲ್ಲಿ 1954ರಲ್ಲಿ ರಮೋನ್ ಮರೇರೊ ಎಂಬ ಬಾರ್‌ಟೆಂಡರ್ ಇದನ್ನು ಮೊದಲು ಮಾಡಿದ ಎಂದು ಆ ಹೋಟೆಲಿನವರು ಹೇಳುತ್ತಾರೆ. ಅದೇ ಊರಿನ ಹಳೇ ಪೇಟೆಯಲ್ಲಿ ಬರಾಚಿನಾ ಎಂಬ ರೆಸ್ಟೋರೆಂಟ್ ಇದೆ. ಅದರ ಬಾಗಿಲ ಪಕ್ಕದಲ್ಲಿ ಒಂದು ಕಲ್ಲಿನ ಫಲಕ. 1963ರಲ್ಲಿ ರಮೋನ್ ಪೋರ್ತಾಸ್ ಮಿಂಗೊ ಎಂಬವರು ಇದನ್ನು ಇದೇ ಮನೆಯಲ್ಲಿ ಸೃಷ್ಟಿಸಿದರು ಎಂದು ಅದರಲ್ಲಿ ಕೆತ್ತಿದ್ದಾರೆ. ಒಂಬತ್ತು ವರ್ಷ ತಡವಾದರೂ ಕಲ್ಲಿನಲ್ಲಿ ಬರೆಸಿದವರದ್ದೇ ಧೈರ್ಯ ಅಲ್ವಾ! ಇನ್ನು ಈ ಪಾನೀಯಕ್ಕೆ ಬೇಕಾದ ಸಿಹಿ ತೆಂಗಿನ ಕ್ರೀಮನ್ನು ಡಬ್ಬಿಯಲ್ಲಿ ತುಂಬಿ ಕೋಕೊ ಲೋಪೆಜ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದವರು ಮತ್ತೊಬ್ಬರು, ಅವರ ಹೆಸರು ರಮೋನ್ ಲೋಪೆಜ್ ಇರಿಸಾರಿ. ಮೂವರೂ ರಮೋನ್‌ಗಳೇ. 1978ರಲ್ಲಿ ಪೋರ್ಟೊ ರಿಕೊ ಸರ್ಕಾರ ಇದನ್ನು ತನ್ನ ಅಧಿಕೃತ ಪಾನೀಯ ಎಂದೇ ಘೋಷಿಸಿತು. ಯಾವ ರಮೋನ್ ಮೊದಲು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಈಗ ನಿಮ್ಮ ಪಟ್ಟಿಯಲ್ಲಿರುವ ಹಾಲಿನ ವಿಷಯ. ದಯವಿಟ್ಟು ಅದನ್ನು ತೆಗೆದುಬಿಡಿ. ಹಸಿ ಅನಾನಸಿನಲ್ಲಿ ಬ್ರೊಮೆಲೇನ್ ಎಂಬ ಕಿಣ್ವ ಇದೆ, ಅದು ಪ್ರೋಟೀನನ್ನು ಒಡೆಯುತ್ತದೆ. ಅನಾನಸು ಜಾಸ್ತಿ ತಿಂದರೆ ನಾಲಿಗೆ ಉರಿಯುವುದರಲ್ಲೂ ಅದರ ಪಾಲಿದೆ. ಹಸುವಿನ ಹಾಲಿಗೆ ಹಸಿ ಅನಾನಸು ಹಾಕಿ ಸ್ವಲ್ಪ ಹೊತ್ತು ಇಟ್ಟರೆ ಹುಳಿಗೆ ಹಾಲು ಒಡೆಯುತ್ತದೆ, ಈ ಕಿಣ್ವದಿಂದ ಕಹಿಯೂ ಬರುತ್ತದೆ. ಮಿಕ್ಸಿಯಿಂದ ಇಳಿಸಿದ ಕೂಡಲೇ ಕುಡಿದವರಿಗೆ ಗೊತ್ತಾಗದೇ ಇರಬಹುದು, ನೆಂಟರು ಬರುವುದು ತಡ ಎಂದು ಫ್ರಿಜ್‌ನಲ್ಲಿ ಇಟ್ಟವರ ಪಾಡು ಕೇಳಬೇಡಿ. ಹಾಲೋ ಐಸ್‌ಕ್ರೀಮೋ ಹಾಕಲೇಬೇಕು ಅನಿಸಿದರೆ ಅನಾನಸನ್ನು ಮೊದಲು ಚೆನ್ನಾಗಿ ಕುದಿಸಿ ತಣಿಸಿಕೊಳ್ಳಿ. ಕುದಿದರೆ ಆ ಕಿಣ್ವ ಕೆಲಸ ಮಾಡುವುದಿಲ್ಲ, ಕಹಿ ಬರುವುದಿಲ್ಲ. ಹುಳಿ ಮಾತ್ರ ಹಾಗೇ ಇರುತ್ತದೆ, ಹಾಗಾಗಿ ಮಾಡಿದ ಕೂಡಲೇ ಕುಡಿಯಿರಿ. ಆದರೆ ಹಾಲು ಯಾಕೆ ಬೇಕು ಹೇಳಿ? ತೆಂಗಿನಕಾಯಿ ಇರುವ ನಾಡಿನಲ್ಲಿ?

ತೆಂಗಿನ ಕ್ರೀಮನ್ನು ಮಾತ್ರ ಸರಿಯಾಗಿ ಮಾಡಿಕೊಳ್ಳಬೇಕು. ಪಾಯಸಕ್ಕೆ ತೆಗೆಯುವ ಮೊದಲ ಹಾಲು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು, ಗಂಡಸರು ಕೇಳಿ ಕಲಿಯಿರಿ. ಚೆನ್ನಾಗಿ ಬಲಿತ ಒಂದು ಕಾಯಿ ತುರಿದು, ಸ್ವಲ್ಪವೇ ಬಿಸಿ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಎರಡನೇ ಹಾಲು ಸಾರಿಗೆ ಇರಲಿ, ಇದಕ್ಕೆ ಬೇಡ. ಒಂದು ಕಪ್ ದಪ್ಪ ಹಾಲಿಗೆ ಮುಕ್ಕಾಲು ಕಪ್ ಸಕ್ಕರೆ, ಒಂದು ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಸಕ್ಕರೆ ಕರಗುವ ತನಕ ಕೈಯಾಡಿಸುತ್ತಾ ಇರಿ, ಕುದಿಯಲು ಬಿಡಬೇಡಿ. ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ತಣಿದ ಮೇಲೆ ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು. ಮೇಲೆ ಗಟ್ಟಿ ಪದರ ಕಟ್ಟುತ್ತದೆ, ಹಾಳಾಯಿತು ಎಂದು ಚೆಲ್ಲಬೇಡಿ, ಅದು ತೆಂಗಿನ ಕೊಬ್ಬು. ಸ್ವಲ್ಪ ಹೊತ್ತು ಹೊರಗಿಟ್ಟು ಕಲಸಿದರೆ ಸರಿಹೋಗುತ್ತದೆ.

ಅನಾನಸು ಪೂರ್ತಿ ಹಣ್ಣಾಗಿರಬೇಕು, ಬುಡದ ಹತ್ತಿರ ಮೂಸಿದರೆ ಪರಿಮಳ ಬರಬೇಕು. ಬನವಾಸಿ ಕಡೆಯದ್ದು ಸಿಕ್ಕಿದರೆ ಬಿಡಬೇಡಿ. ಕಣ್ಣುಗಳನ್ನು ತೆಗೆದು, ತುಂಡು ಮಾಡಿ, ನೀರು ಹಾಕದೆ ರುಬ್ಬಿ ಸೋಸಿ. ಪ್ಯಾಕೆಟ್ ಜ್ಯೂಸ್‌ನಲ್ಲಿ ಹೆಚ್ಚಾಗಿ ಸಕ್ಕರೆ ಸೇರಿಸಿರುತ್ತಾರೆ, ಅದನ್ನು ಬಳಸುವವರು ತೆಂಗಿನ ಕ್ರೀಮಿನ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ.

ಒಂದು ಗ್ಲಾಸಿಗೆ ನನ್ನ ಲೆಕ್ಕ ಹೀಗೆ: ಅನಾನಸು ರಸ 90 ಎಂ.ಎಲ್., ತೆಂಗಿನ ಕ್ರೀಮ್ 30, ರಮ್ 30. ಅರ್ಧ ನಿಂಬೆಹಣ್ಣಿನ ರಸವನ್ನೂ ನಾನು ಹಿಂಡುತ್ತೇನೆ, ಇಲ್ಲದಿದ್ದರೆ ಎರಡನೇ ಗುಟುಕಿಗೇ ಮುಖ ಕಟ್ಟುತ್ತದೆ. ಐಸ್ ಒಂದು ಹಿಡಿ ಹೆಚ್ಚೇ ಇರಲಿ. ಮನೆಯ ಮಿಕ್ಸಿಗೆ ಇಡೀ ಐಸ್ ಗಡ್ಡೆ ಹಾಕಿ ಬ್ಲೇಡ್ ಹಾಳು ಮಾಡಿಕೊಳ್ಳಬೇಡಿ, ದಪ್ಪ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿಕೊಳ್ಳಿ. ಶೇಕರ್ ಇಲ್ಲವೆಂದು ಆನ್‌ಲೈನ್‌ನಲ್ಲಿ ತರಿಸಬೇಕಾಗಿಯೂ ಇಲ್ಲ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಚಹಾ ಸೋಸುವ ಜರಡಿ ಇದ್ದರೆ ಸಾಕು. ಡಬ್ಬಿಯ ಹೊರಗೆ ಮಂಜು ಕಟ್ಟಿ ಕೈ ಮರಗಟ್ಟುವ ತನಕ ಕುಲುಕಿ.

ಯಾವ ರಮ್ ಎಂದು ಕೇಳುತ್ತಾರೆ. ಅಲ್ಲಿ ಬಿಳಿ ರಮ್ ಹಾಕುತ್ತಾರೆ. ಸ್ಯಾನ್ ಹುವಾನ್ ಬಂದರಿನ ಆಚೆ ದಡದ ಕತಾನ್ಯೊದಲ್ಲೇ ಬಕಾರ್ಡಿಯವರ ದೊಡ್ಡ ಕಾರ್ಖಾನೆ ಇದೆ, ಹಾಗಾಗಿ ಅವರಿಗೆ ಅದೇ ರೂಢಿ. ಅದೇ ಬಕಾರ್ಡಿ ನಮ್ಮ ನಂಜನಗೂಡಿನಲ್ಲೂ ತಯಾರಾಗಿದೆ ಎಂದರೆ ಎಷ್ಟೋ ಜನ ನಂಬುವುದಿಲ್ಲ. ನಮ್ಮವರಿಗೆ ರಮ್ ಅಂದರೆ ಕಪ್ಪು ರಮ್, ಮಳೆಗಾಲದ ರಾತ್ರಿ, ಬಿಸಿ ನೀರು. ಕಪ್ಪು ರಮ್ಮಿನಲ್ಲೂ ಇದು ಚೆನ್ನಾಗಿಯೇ ಆಗುತ್ತದೆ, ಸ್ವಲ್ಪ ಬದಲಿಸಬೇಕು ಅಷ್ಟೇ. ಬ್ರಿಟಿಷ್ ವರ್ಜಿನ್ ದ್ವೀಪಗಳ ಕಡೆ ಕಪ್ಪು ರಮ್ಮಿಗೆ ಅನಾನಸು ರಸ, ತೆಂಗಿನ ಕ್ರೀಮ್ ಜೊತೆ ಸ್ವಲ್ಪ ಕಿತ್ತಳೆ ರಸವನ್ನೂ ಸೇರಿಸಿ ಮೇಲೆ ಜಾಯಿಕಾಯಿ ತುರಿಯುತ್ತಾರೆ. ಕಿತ್ತಳೆ ಕೊಡಗಿನಿಂದ ತರಿಸಿ, ಜಾಯಿಕಾಯಿ ನಮ್ಮ ಅಡಿಕೆ ತೋಟಗಳಲ್ಲೇ ಉದುರುತ್ತದೆ. ನನ್ನ ಕೇಳಿದರೆ ಬಿಳಿ ರಮ್ಮಿನದ್ದಕ್ಕಿಂತ ಇದೇ ರುಚಿ. ರಮ್ಮಿಗೆ ಕಬ್ಬಿನ ಕಾಕಂಬಿಯೇ ಮೂಲವಾದ್ದರಿಂದಲೋ ಏನೋ, ಇಂಥ ಹಣ್ಣುಗಳ ಜೊತೆ ಅದು ಜಗಳವಾಡುವುದಿಲ್ಲ.

ಈಗ 30 ಎಂ.ಎಲ್. ಮೇಲೆ ನನಗೆ ಯಾಕೆ ಇಷ್ಟು ಹಟ ಎಂದು ಹೇಳುತ್ತೇನೆ. ನಮ್ಮಲ್ಲಿ ಮಾರುವ ರಮ್ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8 ಶೇಕಡಾ ಎಂದು ಇರುತ್ತದೆ. ಅಂದರೆ 30 ಎಂ.ಎಲ್.ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಮೇಲೆ ಹೇಳಿದ ಲೆಕ್ಕದಲ್ಲಿ ಮಾಡಿದರೆ ಐಸ್ ಕರಗುವ ಮುಂಚೆ ಇಡೀ ಪಾನೀಯ ಸ್ಟ್ರಾಂಗ್ ಬಿಯರಿನಷ್ಟು ತೀಕ್ಷ್ಣ, ಕರಗಿದ ಮೇಲೆ ಸ್ವಲ್ಪ ಕಮ್ಮಿ. ಇದನ್ನೇ ‘ರುಚಿಗೆ ತಕ್ಕಷ್ಟು’ ಎಂದು ಬಾಟಲಿಯಿಂದ ನೇರ ಸುರಿದರೆ ಏನಾಗುತ್ತದೆ ನೋಡಿ. ಕೈ ಅಂದಾಜಿನಲ್ಲಿ 90 ಎಂ.ಎಲ್. ಬೀಳುವುದು ಕಷ್ಟವೇನಲ್ಲ. ಆಗ ಅದು ಹದಿನೆಂಟು ಶೇಕಡಾದ ಹತ್ತಿರ ಹೋಗುತ್ತದೆ, ದ್ರಾಕ್ಷಿ ವೈನಿಗಿಂತ ತೀಕ್ಷ್ಣ. ಒಂದೇ ಗ್ಲಾಸಿನಲ್ಲಿ 30 ಎಂ.ಎಲ್.ನ ಮೂರು ಪೆಗ್ ಹೋಯಿತು. ಕುಡಿದವರು ‘ಜ್ಯೂಸ್ ಚೆನ್ನಾಗಿದೆ’ ಎಂದು ಇನ್ನೊಂದು ಕೇಳುತ್ತಾರೆ. ಅವರಿಗೆ ಮೂರು ಪೆಗ್ಗಿನ ಲೆಕ್ಕ ಯಾರು ಹೇಳಿದ್ದಾರೆ? ಯಾರೂ ಹೇಳಿಲ್ಲ.

ರಮ್ಮಿಗೆ ಅಳತೆ ಇಡುವುದು ಹೊಸದೂ ಅಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ನಾವಿಕರಿಗೆ ದಿನವೂ ರಮ್ ಕೊಡುತ್ತಿದ್ದರು. 1740ರಲ್ಲಿ ಅಡ್ಮಿರಲ್ ವೆರ್ನನ್ ಎಂಬವರು ಅದನ್ನು ಹಾಗೇ ಕೊಡಬೇಡಿ, ನೀರು ಬೆರೆಸಿ ಎರಡು ಹೊತ್ತು ಹಂಚಿ ಎಂದು ಆದೇಶ ಮಾಡಿದರು. ಆ ಪದ್ಧತಿ 1970ರ ಜುಲೈ 31ರ ತನಕ ನಡೆಯಿತು, ಕೊನೆಯ ದಿನದ ತನಕವೂ ಅಳೆದೇ ಕೊಡುತ್ತಿದ್ದರು. ಕುಡುಕರೆಂದು ಹೆಸರಾದ ನಾವಿಕರಿಗೇ ಅಳತೆ ಇತ್ತು, ನಮ್ಮ ಮನೆಗೆ ಬರುವ ಅತ್ತಿಗೆ, ಭಾವ, ಸೋದರಮಾವನಿಗೆ ಅಂದಾಜು ಸಾಕಾ?

ಅಳತೆ ಪಾತ್ರೆ ಇಲ್ಲ ಎಂದು ಯಾರೂ ನೆಪ ಹೇಳಬೇಕಾಗಿಲ್ಲ. ಮಕ್ಕಳ ಸಿರಪ್ ಬಾಟಲಿ ಜೊತೆ ಬರುವ ಪ್ಲಾಸ್ಟಿಕ್ ಕಪ್ಪಿನ ಮೇಲೆ ಗೆರೆಗಳಿರುತ್ತವೆ, ತೊಳೆದು ಬಳಸಿ. ಅದೂ ಇಲ್ಲದಿದ್ದರೆ ಬಾಟಲಿಯೇ ಅಳತೆ. ಕ್ವಾರ್ಟರ್ ಅಂದರೆ 180 ಎಂ.ಎಲ್., ಅಂದರೆ ಸರಿಯಾಗಿ ಆರು ಗ್ಲಾಸ್. ಮೂರು ಜನ ಕುಡಿಯುವವರಿದ್ದರೆ ಒಂದು ಕ್ವಾರ್ಟರ್ ತನ್ನಿ, ತಲಾ ಎರಡು. ಖಾಲಿಯಾದರೆ ಮುಗಿಯಿತು. ಫುಲ್ ಬಾಟಲಿ ತಂದು ಟೇಬಲ್ ಮೇಲೆ ಇಟ್ಟರೆ ಅದು 25 ಗ್ಲಾಸ್, ನಮ್ಮ ಜನ ಅದನ್ನು ಅರ್ಧಕ್ಕೆ ಬಿಟ್ಟು ಎದ್ದದ್ದನ್ನು ನಾನು ಹೆಚ್ಚಾಗಿ ನೋಡಿಲ್ಲ.

ಇನ್ನು ಬಡಿಸುವ ವಿಷಯ. ನಿಮ್ಮ ಪುಟದಲ್ಲಿ ಎಲ್ಲವನ್ನೂ ದೊಡ್ಡ ಜಗ್ಗಿನಲ್ಲಿ ಕಲಸಿ ಫ್ರಿಜ್‌ನಲ್ಲಿ ಇಡಿ ಎಂದು ಬರೆದಿದೆ. ಇದು ಹಾಲಿಗಿಂತ ದೊಡ್ಡ ತಪ್ಪು. ಮನೆಯೆಂದ ಮೇಲೆ ಮಕ್ಕಳಿರುತ್ತಾರೆ. ಫ್ರಿಜ್ ಬಾಗಿಲು ತೆರೆದರೆ ಹಳದಿ ಬಣ್ಣದ, ಅನಾನಸಿನ ಪರಿಮಳದ ಜಗ್. ರಮ್ಮಿನ ವಾಸನೆ ಬರುತ್ತದಲ್ಲ ಎನ್ನಬೇಡಿ, ತಣ್ಣಗಿರುವಾಗ ವಾಸನೆ ಏಳುವುದೇ ಕಮ್ಮಿ. ಜಗ್ಗಿನಲ್ಲಿ ಇರಬೇಕಾದದ್ದು ಅನಾನಸು, ತೆಂಗು, ನಿಂಬೆ ಮಾತ್ರ. ರಮ್ ಬೀಳಬೇಕಾದದ್ದು ಗ್ಲಾಸಿಗೆ, ಅದೂ ಕುಡಿಯುವವರ ಕಣ್ಣೆದುರು, ಅಳೆದು.

ಹೀಗೆ ಮಾಡಿದರೆ ಇನ್ನೊಂದು ಲಾಭವೂ ಇದೆ. ನಮ್ಮಲ್ಲಿ ಕುಡಿಯದವರು ‘ಯಾಕೆ ಕುಡಿಯುವುದಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟೇ ಸುಸ್ತಾಗುತ್ತಾರೆ. ಒಬ್ಬರಿಗೆ ವ್ರತ, ಒಬ್ಬರಿಗೆ ಶುಗರ್ ಮಾತ್ರೆ, ಒಬ್ಬಳು ಬಸುರಿ, ಇನ್ನೂ ಯಾರಿಗೂ ಹೇಳಿಲ್ಲ, ಒಬ್ಬ ವಾಪಸ್ ಕಾರು ಓಡಿಸಬೇಕು, ಇನ್ನೊಬ್ಬ ಕಷ್ಟಪಟ್ಟು ಬಿಟ್ಟವನು. ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಗ್ಲಾಸ್ ಇದ್ದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಇನ್ಸುಲಿನ್, ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಮ್ ಬಿದ್ದರೆ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುವ ಅಪಾಯವೂ ಇದೆ, ಅದು ನಡುರಾತ್ರಿಯೂ ಆಗಬಹುದು. ಹಾಗಂತ ರಮ್ ಇಲ್ಲದ್ದು ಅವರಿಗೆ ಒಳ್ಳೆಯದು ಎಂದೂ ಅಲ್ಲ, ಅದರಲ್ಲಿ ಸಕ್ಕರೆ ತುಂಬಿದೆ. ಅವರಿಗೆ ಸುಮ್ನೆ ನಿಂಬೆ ಸೋಡಾ ಕೊಡಿ.

ಒಂದು ಕೆಟ್ಟ ಚಾಳಿಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಮೆಹಂದಿ ರಾತ್ರಿಯಲ್ಲೋ ಗೃಹಪ್ರವೇಶ ಮುಗಿದ ಮೇಲೋ ‘ಏನಿಲ್ಲ, ಜ್ಯೂಸ್ ಅಷ್ಟೇ, ಕುಡಿ’ ಎಂದು ಗೊತ್ತಿಲ್ಲದವರಿಗೆ ರಮ್ ಬೆರೆಸಿದ್ದನ್ನು ಕುಡಿಸಿ ಮೂಲೆಯಲ್ಲಿ ನಿಂತು ನಗುವವರು ಇದ್ದಾರೆ. ಹೆಚ್ಚಿನ ಸಲ ಇದು ನಡೆಯುವುದು ಹೆಂಗಸರ ಮೇಲೆ, ಇಲ್ಲವೇ ಮದುವೆಯಾಗಿ ಬಂದ ಹೊಸ ಅಳಿಯನ ಮೇಲೆ. ಇದನ್ನು ತಮಾಷೆ ಎನ್ನುವವರಿಗೆ ನಾನು ಗ್ಲಾಸ್ ಕೊಡುವುದೇ ಇಲ್ಲ. ಹಡಗಿನಲ್ಲಿ ಹೀಗೆ ಮಾಡಿದ್ದರೆ ಮುಂದಿನ ಬಂದರಿನಲ್ಲೇ ಇಳಿಸಿ ವಿಮಾನ ಹತ್ತಿಸುತ್ತಿದ್ದರು.

ಕಾರು, ಬೈಕಿನ ವಿಷಯವನ್ನು ನೀವೇ ವಾರಕ್ಕೊಮ್ಮೆ ಬರೆಯುತ್ತೀರಿ, ಚುಟುಕಾಗಿ ಹೇಳುತ್ತೇನೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ. ತೆಳ್ಳಗಿರುವವರು, ಖಾಲಿ ಹೊಟ್ಟೆಯವರು ಅಳೆದು ಹಾಕಿದ ಒಂದೇ ಗ್ಲಾಸಿಗೆ ಆ ಗೆರೆಯನ್ನು ಮುಟ್ಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಇಳಿಸುವುದಿಲ್ಲ, ಹೊತ್ತು ಕಳೆಯಬೇಕು ಅಷ್ಟೇ. ಹಾಗಾಗಿ ಗ್ಲಾಸ್ ಹಿಡಿದವನ ಬೈಕ್ ಕೀಲಿ ಮನೆಯವರ ಹತ್ತಿರ ಇರಲಿ, ರಾತ್ರಿ ಚಾಪೆ ಹಾಸಿಕೊಡಿ. ಮನೆಯಲ್ಲಿ ಬಡಿಸುವವನಿಗೆ ಹಡಗಿನ ಬಾರ್‌ಟೆಂಡರ್‌ಗಿಂತ ಜವಾಬ್ದಾರಿ ಜಾಸ್ತಿ. ನಮ್ಮ ಗಿರಾಕಿ ಹೆಚ್ಚೆಂದರೆ ಲಿಫ್ಟ್ ಹತ್ತಿ ರೂಮಿಗೆ ಹೋಗುತ್ತಿದ್ದ.

ಜೊತೆಗೆ ತಿನ್ನಲು ಖಾರದ್ದೇ ಇರಲಿ. ಕೋಳಿ ಸುಕ್ಕ, ನೀರುದೋಸೆ, ಹುರಿದ ಬಂಗುಡೆ ಯಾವುದೂ ಆಗುತ್ತದೆ. ಚೌಚೌ, ಚಿಪ್ಸ್ ಮಾತ್ರ ಇಟ್ಟು ಕೂತರೆ ಬಾಯಾರಿಕೆಗೆ ಎಲ್ಲರೂ ಬೇಗ ಬೇಗ ಕುಡಿಯುತ್ತಾರೆ. ಮೊದಲು ಊಟದ ತಟ್ಟೆ, ಆಮೇಲೆ ಗ್ಲಾಸ್. ನಮ್ಮಲ್ಲಿ ಇದು ಪೂರ್ತಿ ತಿರುಗುಮುರುಗು, ಕುಡಿದು ಮುಗಿಸಿ ಹನ್ನೊಂದು ಗಂಟೆಗೆ ತಣ್ಣಗಾದ ಅನ್ನ. ಯಾಕೆ ಹೀಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪಕ್ಕದಲ್ಲಿ ನೀರಿನ ಲೋಟವೂ ಇರಲಿ.

ಈ ಪತ್ರ ಅಚ್ಚಾದರೆ, ಪತ್ರಿಕೆಯಲ್ಲಿ ಮದ್ಯದ ಪಾಕ ಯಾಕೆ ಎಂದು ಬೈದು ಬರೆಯುವವರು ಬರುತ್ತಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಕುಡಿತದಿಂದ ಮುಳುಗಿದ ಮನೆಗಳು ನಮ್ಮ ಬೀದಿಯಲ್ಲೂ ಇವೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ಹೆಂಗಸರು ಯಾಕೆ ಖುಷಿಪಟ್ಟರು ಎಂದು ನೋಡಿದವರಿಗೆ ಗೊತ್ತು. ಆದರೆ ನೀವು ಬಜೆಟ್ ದಿನ ಅಬಕಾರಿ ಆದಾಯವನ್ನು ಮುಖಪುಟದಲ್ಲಿ ಹಾಕುತ್ತೀರಿ, ದರ ಏರಿದರೆ ಕ್ವಾರ್ಟರ್‌ಗೆ ಎಷ್ಟು, ಬಿಯರ್‌ಗೆ ಎಷ್ಟು ಎಂದು ಪಟ್ಟಿಯನ್ನೇ ಕೊಡುತ್ತೀರಿ. ರೂಪಾಯಿಯ ಲೆಕ್ಕ ಕೊಡಲು ಇಲ್ಲದ ಮುಜುಗರ ಎಂ.ಎಲ್. ಲೆಕ್ಕ ಕೊಡಲು ಯಾಕೆ? ಮದ್ಯದ ಪಾಕ ಹಾಕುವುದೇ ಬೇಡ ಎಂದು ನೀವು ತೀರ್ಮಾನಿಸಿದರೆ ಅದೂ ಸರಿಯೇ, ನಾನು ಜಗಳಕ್ಕೆ ಬರುವುದಿಲ್ಲ. ಹಾಕುವುದಾದರೆ ಅಳತೆ ಹಾಕಿ, ಎಷ್ಟು ಜನರಿಗೆ ಎಂದು ಹಾಕಿ, ಒಂದು ಗ್ಲಾಸಿನಲ್ಲಿ ಎಷ್ಟು ಪೆಗ್ ಇದೆ ಎಂದು ಹಾಕಿ, 21 ಆಗದವರಿಗೆ ಅಲ್ಲ ಎಂದು ಒಂದು ಸಾಲು ಹಾಕಿ. ಮುಜುಗರದಿಂದ ‘ಬೇಕಿದ್ದರೆ’ ಎಂಬ ಪದದ ಹಿಂದೆ ಬಾಟಲಿ ಅಡಗಿಸುವುದು ಮಾತ್ರ ಬೇಡ.

ಪತ್ರ ಉದ್ದವಾಯಿತು, ಗೊತ್ತು. ಜಾಗ ಸಾಲದೆ ಕತ್ತರಿ ಹಾಕುವುದಾದರೆ ಆ ಮೂವರು ರಮೋನ್‌ಗಳ ಮೇಲೆ ಹಾಕಿ, ಜಗ್ಗಿನ ಮಾತು ಮತ್ತು ಕ್ವಾರ್ಟರಿನ ಲೆಕ್ಕ ಉಳಿಸಿಕೊಳ್ಳಿ.

ಇತಿ,
ನಿಮ್ಮ ಹಳೇ ಓದುಗ
ಮೂಡುಬಿದಿರೆ